ತಾಯ ಕೈಗೆ ಸೂತಕವುಂಟೆ?

ಲಿಂಗವಂತರ ಮನೆಯಲ್ಲಿ ಮಗುವು ಲೋಕದ ಬೆಳಕನ್ನು ಕಾಣುವ ಮೊದಲೇ ಶಿವನ ಸಂಬಂಧವನ್ನು ಪಡೆಯಬೇಕೆಂಬುದು ಹಿರಿಯರು ನಡೆಸಿಕೊಂಡು ಬಂದ ಸಂಪ್ರದಾಯ. ಗರ್ಭಕ್ಕೆ ಎಂಟು ತಿಂಗಳು ತುಂಬಿದಾಗ ಗುರುವು ಬಂದು ಲಿಂಗಸಂಸ್ಕಾರವನ್ನು ನೆರವೇರಿಸುವನು. ಹುಟ್ಟಲಿರುವ ಶಿಶುವಿನ ಲಿಂಗವನ್ನು ತಾಯಿಯೇ ತನ್ನ ಮೈಮೇಲೆ ಧರಿಸಿ ಕಾಪಾಡುವಳು. ಹೆರಿಗೆಯಾದ ಬಳಿಕ ಅದು ಮಗುವಿನದಾಗುವುದು. ಈ ಸಂಸ್ಕಾರದ ಅರ್ಥವನ್ನು ಸದ್ಭಕ್ತರು ಒಂದು ಗಳಿಗೆ ನಿಂತು ವಿಚಾರಿಸಬೇಕು. ಗುರುವಿನಿಂದ ಹೊರಟ ಲಿಂಗವು ಶಿಷ್ಯನನ್ನು ಸೇರುವ ನಡುವಿನ ಕಾಲದಲ್ಲಿ ಅದನ್ನು ಹೊತ್ತಿರುವವಳು ಯಾರು? ತಾಯಿ. ಆದುದರಿಂದ ಮಗುವಿಗೆ ತಾಯಿಯೇ ಮೊದಲ ಮಠ, ತಾಯಿಯ ಒಡಲೇ ಮೊದಲ ಪೂಜಾಮಂದಿರ ಎಂದರೆ ಅದು ಬರಿಯ ಹೊಗಳಿಕೆಯಲ್ಲ, ಆಚಾರದಲ್ಲಿಯೇ ಅಡಗಿರುವ ತತ್ತ್ವ.

ಈ ತತ್ತ್ವದ ಇನ್ನೊಂದು ಮುಖವೇ ಸೂತಕದ ನಿರಾಕರಣೆ. ಜಾತಿಸೂತಕ, ಜನನಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಪ್ರೇತಸೂತಕ ಎಂಬ ಐದನ್ನೂ ಶರಣರು ಅಂಗೀಕರಿಸಲಿಲ್ಲ. ಲಿಂಗವು ನೆಲೆಸಿದ ಅಂಗಕ್ಕೆ ಹೊಲೆಯೆಲ್ಲಿಯದು? ಶಿವನು ಇರುವ ಮನೆಗೆ ಮೈಲಿಗೆಯೆಲ್ಲಿಯದು? ಈ ಐದರಲ್ಲಿ ಎಷ್ಟು ಸೂತಕಗಳು ಹೆಣ್ಣಿನ ಮೇಲೆಯೇ ಬಂದು ಬೀಳುತ್ತವೆ ಎಂಬುದನ್ನು ಎಣಿಸಿ ನೋಡಿದರೆ ಶರಣರ ಕ್ರಾಂತಿಯ ಆಳವು ತಿಳಿಯುತ್ತದೆ. ತಿಂಗಳಿಗೊಮ್ಮೆ ಹೊರಗಿರಿಸುವ ಸೂತಕ ಆಕೆಯದು. ಹೆತ್ತಾಗ ಮೂಲೆಗೆ ಸೇರಿಸುವ ಸೂತಕ ಆಕೆಯದು. ಎಲ್ಲರೂ ಉಂಡ ಎಲೆಯನ್ನೆತ್ತುವ ಸೂತಕವೂ ಬಹುಮಟ್ಟಿಗೆ ಆಕೆಯದೇ. ಜೀವವನ್ನು ಲೋಕಕ್ಕೆ ತರುವವಳನ್ನೇ ಅಶುದ್ಧಳೆಂದು ದೂರವಿರಿಸಿದ ಕಾಲದಲ್ಲಿ ಶರಣರು ಆಕೆಯನ್ನು ಲಿಂಗಾಂಗಿಯೆಂದು ಕರೆದು ಅನುಭವದ ಗೋಷ್ಠಿಯಲ್ಲಿ ಕುಳ್ಳಿರಿಸಿದರು.

ಹೀಗಿರುವಲ್ಲಿ ಲಿಂಗೈಕ್ಯಳಾದ ತಾಯಿಯನ್ನು, ಅಜ್ಜಿಯನ್ನು ಭಕ್ತನ ಮನೆಯಲ್ಲಿ ನೆನೆಯುವ ಬಗೆ ಯಾವುದು?

ಬೆಂಗಳೂರಿನ ಮತ್ತಿಕೆರೆಯಂಥ ಬಡಾವಣೆಯಲ್ಲಿ ಈ ಪ್ರಶ್ನೆಯು ಮನೆಮನೆಯ ಪ್ರಶ್ನೆ. ಒಂದು ಕಾಲಕ್ಕೆ ಮತ್ತಿಕೆರೆಯು ಊರ ಹೊರಗಿನ ಹಳ್ಳಿ. 1909ರಲ್ಲಿ ಸ್ಥಾಪನೆಗೊಂಡ ವಿಜ್ಞಾನಮಂದಿರವು ಅದರ ನೆರೆಗೆ ಬಂದಿತು. ಸ್ವಾತಂತ್ರ್ಯಾನಂತರ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಅದರಾಚೆಯ ಜಾಲಹಳ್ಳಿಯ ಸುತ್ತ ಬೆಳೆದವು. ತುಮಕೂರು, ಮಾಗಡಿ, ಗುಬ್ಬಿ, ತಿಪಟೂರುಗಳ ಕಡೆಯಿಂದ ದುಡಿಮೆಯನ್ನರಸಿ ಬಂದ ಮಕ್ಕಳು ಬೆಂಗಳೂರಿನ ಈ ಭಾಗಗಳಲ್ಲಿ ಬಾಡಿಗೆಯ ಮನೆ ಹಿಡಿದರು, ನಿವೇಶನ ಕೊಂಡರು, ಮನೆ ಕಟ್ಟಿದರು. ಊರಿನಲ್ಲಿ ಒಂಟಿಯಾದ ತಾಯಿಯನ್ನು ಕರೆದು ತಂದರು. ಆ ತಾಯಿ ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಅವರ ಹಣೆಗೆ ವಿಭೂತಿಯಿಟ್ಟು, ವಚನಗಳನ್ನು ಬಾಯಿಪಾಠ ಮಾಡಿಸಿ, ಒಂದು ದಿನ ಲಿಂಗದಲ್ಲಿ ಬೆರೆತಳು. ಈಗ ನಡುಮನೆಯ ಗೋಡೆಯ ಮೇಲೆ ಆಕೆಯ ಭಾವಚಿತ್ರವಿದೆ. ವರ್ಷಕ್ಕೊಮ್ಮೆ ಅದಕ್ಕೆ ಹೂವಿನ ಹಾರ, ಜಂಗಮರಿಗೆ ಪಾದಪೂಜೆ, ಬಂಧುಗಳಿಗೆ ಹೋಳಿಗೆಯೂಟ. ಇದಾವುದೂ ತಪ್ಪಲ್ಲ. ಶಿವಗಣಾರಾಧನೆಯು ಪ್ರೇತಕ್ಕೆ ಪಿಂಡವನ್ನಿಡುವ ಕರ್ಮವಲ್ಲ, ಇರುವವರಿಗೆ ಅನ್ನವನ್ನಿಡುವ ದಾಸೋಹ. ಆದರೆ ಹಾರವು ಮರುದಿನ ಬಾಡುವುದು. ಬಾಡದೆ ಉಳಿಯುವ ನೆನಹು ಯಾವುದೆಂಬುದೇ ಇಲ್ಲಿಯ ವಿಚಾರ.

ಆ ಅಜ್ಜಿಯಂದಿರ ಜೀವನದಲ್ಲಿ ಭಾವಚಿತ್ರಕ್ಕೆ ಸಿಕ್ಕದ ಒಂದು ಅಧ್ಯಾಯವಿದೆ. ಆಕೆ ಹೆತ್ತ ಮಕ್ಕಳಲ್ಲಿ ಹೆಚ್ಚಿನವರು ಹಳ್ಳಿಯ ಮನೆಯ ಒಳಕೋಣೆಯಲ್ಲಿ, ಹರಳೆಣ್ಣೆಯ ದೀಪದ ಬೆಳಕಿನಲ್ಲಿ ಹುಟ್ಟಿದವರು. ಆ ರಾತ್ರಿ ಆಕೆಯ ಸೊಂಟವನ್ನು ಹಿಡಿದು ಧೈರ್ಯ ಹೇಳಿದವಳು, ಮಗುವಿನ ತಲೆಗೆ ಕೈಯಾನಿಸಿದವಳು, ಹೊಕ್ಕುಳಬಳ್ಳಿಯನ್ನು ಕೊಯ್ದವಳು ಒಬ್ಬ ಸೂಲಗಿತ್ತಿ. ಮನೆಯ ವಂಶವೃಕ್ಷದಲ್ಲಿ ಆಕೆಯ ಹೆಸರಿಲ್ಲ. ಅನೇಕ ಮನೆಗಳಲ್ಲಿ ಆಕೆಗೆ ಸಂದ ಕಾಣಿಕೆಯೆಂದರೆ ಒಂದು ಮೊರ ಧಾನ್ಯ, ಒಂದು ಹಳೆಯ ಸೀರೆ. ಮಗು ಅಳುವವರೆಗೆ ಆಕೆ ದೇವರು. ಅತ್ತ ಬಳಿಕ ಆಕೆ ಮುಟ್ಟಿದ ಪಾತ್ರೆಯನ್ನು ತೊಳೆದಿಡಬೇಕು! ಸೂತಕವನ್ನು ಬಿಟ್ಟೆವೆಂದ ಮನೆಗಳಲ್ಲಿಯೂ ಈ ನಡತೆ ನುಸುಳಿದ್ದುಂಟು. ತಾಯಿಯನ್ನು ಉಳಿಸಿಕೊಟ್ಟ ಕೈಯನ್ನು ಮೈಲಿಗೆಯೆಂದವರು ತಾಯಿಯನ್ನು ನೆನೆದರೆ ಆ ನೆನಹು ಎಷ್ಟು ಪೂರ್ಣವಾದೀತು?

ಮತ್ತಿಕೆರೆಯಿಂದ ಯಶವಂತಪುರವನ್ನು ಹಾದು ಹೊರಟ ತುಮಕೂರಿನ ದಾರಿಯನ್ನು ಹಿಡಿದು, ಆ ಜಿಲ್ಲೆಯ ಉತ್ತರದ ತುದಿಗೆ ನಡೆದರೆ ಪಾವಗಡದ ಸೀಮೆ. ಮಳೆ ಕಡಿಮೆಯಾದ, ಕಲ್ಲುಬೆಟ್ಟಗಳ, ಆಂಧ್ರದ ಗಡಿಯ ನಾಡು. ಆ ತಾಲ್ಲೂಕಿನ ಕೃಷ್ಣಾಪುರದಲ್ಲಿ ಒಬ್ಬ ತಾಯಿಯಿದ್ದರು. ನಾಡು ಅವರನ್ನು ಸೂಲಗಿತ್ತಿ ನರಸಮ್ಮನೆಂದೇ ಕರೆಯಿತು. ಮನೆಮಾತು ತೆಲುಗು, ಶಾಲೆಯ ಮೆಟ್ಟಿಲನ್ನು ಏರಿದವರಲ್ಲ, ಹನ್ನೆರಡರ ಎಳೆಯ ಪ್ರಾಯದಲ್ಲಿ ವಿವಾಹವಾಯಿತು. ಅವರ ಅಜ್ಜಿ ಮರಿಗೆಮ್ಮ ಸೂಲಗಿತ್ತಿ. ನರಸಮ್ಮನವರ ಸ್ವಂತ ಹೆರಿಗೆಗಳಲ್ಲಿ ಐದನ್ನು ಆ ಅಜ್ಜಿಯೇ ನಿಂತು ಮಾಡಿಸಿದರು. ಅಜ್ಜಿಯ ಕೈಯ ಜಾಣ್ಮೆಯನ್ನು ಮೊಮ್ಮಗಳು ತನ್ನ ಬೇನೆಯಲ್ಲಿಯೇ ಕಲಿತಳು. ಗ್ರಂಥದಿಂದ ಬರುವ ವಿದ್ಯೆ ಒಂದು, ಗುರುಬೋಧೆಯಿಂದ ಬರುವ ವಿದ್ಯೆ ಇನ್ನೊಂದು. ನೋವನ್ನು ಉಂಡು ಪಡೆಯುವ ವಿದ್ಯೆ ಮೂರನೆಯದು. ಅದನ್ನು ಪಡೆದವರು ಮತ್ತೊಬ್ಬರ ನೋವಿನ ಕರೆಗೆ ಕಿವುಡಾಗಲಾರರು.

1940ರಲ್ಲಿ, ತಮ್ಮ ಇಪ್ಪತ್ತರ ಪ್ರಾಯದಲ್ಲಿ, ನರಸಮ್ಮನವರು ಮೊದಲ ಬಾರಿಗೆ ಒಬ್ಬ ಬಂಧುವಿನ ಹೆರಿಗೆಗೆ ಕೈಗೊಟ್ಟರು. ಅಲ್ಲಿಂದ ಮುಂದೆ ಸುಮಾರು 70 ವರ್ಷ ಆ ಕೈ ಬಿಡುವನ್ನು ಕಾಣಲಿಲ್ಲ. ಊರಿಗೆ ಬಂದು ಬೀಡು ಬಿಡುತ್ತಿದ್ದ ಅಲೆಮಾರಿಗಳಿಂದ ಅವರು ಬಸುರಿ ಬಾಣಂತಿಯರಿಗೆ ಬೇಕಾದ ಗಿಡಮೂಲಿಕೆಗಳ ಮದ್ದನ್ನು ಅರಿತುಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಯಾವ ಕಡೆಗಿದೆಯೆಂದು, ಅದರ ನಾಡಿ ಹೇಗಿದೆಯೆಂದು ಹೇಳುವಷ್ಟು ಬೆರಳುಗಳು ಪಳಗಿದವು. ಹೀಗೆ ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು. ಲೆಕ್ಕ ಹಾಕಿ ನೋಡಿದರೆ, ಎಪ್ಪತ್ತು ವರ್ಷಗಳ ಕಾಲ ಪೂರ್ತಿಯಾಗಿ ಎರಡು ದಿನ ಕಳೆಯುವುದರೊಳಗೆ ಒಂದು ಹೊಸ ಜೀವ ಅವರ ಅಂಗೈಯಲ್ಲಿ ಮೊದಲ ಉಸಿರನ್ನು ಎಳೆದುಕೊಂಡಂತಾಯಿತು. ಇದಕ್ಕೆಂದು ಅವರು ಹಣವನ್ನು ತೆಗೆದುಕೊಳ್ಳಲಿಲ್ಲ. ಕರೆ ಬಂದಾಗ ಹೋದರು; ಕೆಲಸ ಮುಗಿದಾಗ ಮರಳಿದರು.

ಸ್ವಂತ ಬದುಕಿನಲ್ಲಿ ಅವರಿಗೆ ದುಃಖವೇನು ಕಡಿಮೆಯಿರಲಿಲ್ಲ. ಹನ್ನೆರಡು ಮಕ್ಕಳನ್ನು ಹೆತ್ತರು. ನಾಲ್ವರನ್ನು ಎಳವೆಯಲ್ಲಿಯೇ ಮಣ್ಣಿಗೆ ಕೊಟ್ಟರು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತನ್ನ ತೊಟ್ಟಿಲು ಬರಿದಾದ ತಾಯಿ ಎರಡು ದಾರಿಗಳನ್ನು ಹಿಡಿಯಬಹುದು. ಲೋಕದ ತೊಟ್ಟಿಲುಗಳನ್ನು ಕಂಡು ಮುಖ ತಿರುಗಿಸುವುದು ಒಂದು. ಲೋಕದ ಯಾವ ತೊಟ್ಟಿಲೂ ಬರಿದಾಗದಿರಲೆಂದು ನಡುರಾತ್ರಿಯಲ್ಲಿ ಎದ್ದು ನಡೆಯುವುದು ಇನ್ನೊಂದು. ಮೊದಲನೆಯದು ಮೋಹದ ದಾರಿ, ಎರಡನೆಯದು ಕಾರುಣ್ಯದ ದಾರಿ. ಮೋಹವು ನನ್ನ ಮಗುವೆಂದು ಅಳುತ್ತದೆ. ಕಾರುಣ್ಯವು ಮಗುವೆಂದು ಮಾತ್ರ ಅರಿಯುತ್ತದೆ. ನರಸಮ್ಮನವರು ಎರಡನೆಯ ದಾರಿಯಲ್ಲಿ ನಡೆದರು. ಇಪ್ಪತ್ತೆರಡು ಮೊಮ್ಮಕ್ಕಳಿಗೆ ಅಜ್ಜಿಯಾದರು. ಆ ಸೀಮೆಯ ಸಾವಿರಾರು ಮಕ್ಕಳಿಗೂ ಅಜ್ಜಿಯಾದರು. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಅಕ್ಷರವರಿಯದ ಈ ತಾಯಿಗೆ ಗೌರವ ಡಾಕ್ಟರೇಟನ್ನು ಅರ್ಪಿಸಿತು. 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷದ ಡಿಸೆಂಬರ್ 25ರಂದು, ತೊಂಬತ್ತೆಂಟರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು.

ನರಸಮ್ಮನವರು ಲಿಂಗವಂತರ ಮನೆಯಲ್ಲಿ ಹುಟ್ಟಿದವರಲ್ಲ, ವಚನಗಳ ಪಾಠ ಕೇಳಿದವರಲ್ಲ, ಅವರ ಜೀವನವು ಶರಣಪಥಕ್ಕೆ ಹೇಗೆ ಸಲ್ಲುವುದೆಂದು ಕೆಲವರು ಶಂಕಿಸಬಹುದು. ಕಲ್ಯಾಣದಲ್ಲಿ ಶರಣರನ್ನು ಅಳೆದ ಅಳತೆಗೋಲು ಯಾವುದಾಗಿತ್ತೆಂಬುದನ್ನು ನೆನೆದರೆ ಈ ಶಂಕೆಯು ತಾನೇ ಕರಗುವುದು. ಅಲ್ಲಿ ಕುಲವನ್ನು ಕೇಳಲಿಲ್ಲ, ಕಾಯಕವನ್ನು ಕೇಳಿದರು. ಶಿವಭಕ್ತರ ಅಂಗಳವನ್ನು ಗುಡಿಸುವ ಕಾಯಕದ ಸತ್ಯಕ್ಕ, ಬೀದಿಯಲ್ಲಿ ಬಿದ್ದ ಹೊನ್ನಿಗೂ ಸೀರೆಗೂ ಕೈಯೊಡ್ಡೆನೆಂಬ ನೇಮವನ್ನು ಹಿಡಿದಳು. ಆಯ್ದಕ್ಕಿಯ ಲಕ್ಕಮ್ಮ, ಗಂಡ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಒಳಗೆ ಬಿಟ್ಟುಕೊಳ್ಳದೆ, ಇದ್ದಲ್ಲಿಗೇ ಸುರಿದು ಬರುವಂತೆ ತಿದ್ದಿದಳು. ಕದಿರೆ ರೆಮ್ಮವ್ವೆ ನೂಲುವ ರಾಟೆಯಲ್ಲಿಯೇ ಅನುಭಾವವನ್ನು ಕಂಡಳು. ಈ ತಾಯಂದಿರು ಜಗತ್ತಿಗೆ ತೋರಿದುದು ಒಂದೇ ನಿಜ: ಕಾಯಕವು ಶುದ್ಧವಾಗಿದ್ದು ಅದರ ಫಲದ ಮೇಲೆ ಆಸೆ ಹರಿಯದಿದ್ದರೆ ಪೊರಕೆಯೂ ಪೂಜಾದ್ರವ್ಯ, ಕದಿರೂ ಪೂಜಾದ್ರವ್ಯ. ಇಂಥ ಅಳತೆಗೋಲಿನ ಮುಂದೆ, ಪ್ರತಿಫಲವನ್ನು ಬಯಸದೆ ಎಪ್ಪತ್ತು ವರ್ಷ ಜೀವಗಳನ್ನು ಬರಮಾಡಿಕೊಂಡ ಕೈಯು ಕಡಿಮೆಯದೆಂದು ಯಾವ ಭಕ್ತನು ಹೇಳಬಲ್ಲನು?

ಇನ್ನು ಆ ಕೈಗೆ ಅಂಟಿದ ನೆತ್ತರಿನ ಮಾತು. ಹೆರಿಗೆಯ ಕೋಣೆಯಲ್ಲಿ ನೆತ್ತರಿದೆ, ಮಾಸಿದೆ. ಲೋಕವು ಅದಕ್ಕೆ ಹೇಸುತ್ತದೆ. ಆದರೆ ಆ ನೆತ್ತರಿನ ಹೊರತು ಬಂದವರು ಈ ಭೂಮಿಯ ಮೇಲೆ ಒಬ್ಬರಾದರೂ ಇರುವರೆ? ಗುರುಗಳೂ ಅದರಲ್ಲಿಯೇ ಬಂದರು, ಅರಸರೂ ಅದರಲ್ಲಿಯೇ ಬಂದರು, ಮಡಿಯುಟ್ಟು ದೂರ ಸರಿಯುವವನೂ ಅದರಲ್ಲಿಯೇ ಬಂದನು. ಹುಟ್ಟನ್ನು ಹೊಲೆಯೆಂದರೆ ಹುಟ್ಟಿದವರೆಲ್ಲರೂ ಹೊಲೆಯೆಂದಂತಾಯಿತು. ಹುಟ್ಟಿದವರು ಲಿಂಗಕ್ಕೆ ಯೋಗ್ಯರೆಂದರೆ ಹುಟ್ಟೂ ಶುದ್ಧ, ಹೆತ್ತವಳೂ ಶುದ್ಧಳು, ಹೆರಿಸಿದವಳೂ ಶುದ್ಧಳು. ಈ ಎರಡರ ನಡುವೆ ಮೂರನೆಯ ಮಾತಿಲ್ಲ. ಇಷ್ಟಾಗಿಯೂ ಬಾಣಂತಿಯನ್ನು ಹತ್ತು ದಿನ ಮೂಲೆಗೆ ಸರಿಸಿ, ಆಕೆಯ ಕೈಯಿಂದ ಲಿಂಗಪೂಜೆಯನ್ನು ಬಿಡಿಸುವ ಮನೆಯು, ಕೊರಳಲ್ಲಿ ಲಿಂಗವನ್ನು ಧರಿಸಿದ್ದರೂ ಮನದಲ್ಲಿ ಸೂತಕವನ್ನು ಧರಿಸಿದೆಯೆಂದೇ ತಿಳಿಯಬೇಕು. ಆಕೆಗೆ ವಿಶ್ರಾಂತಿ ಬೇಕು, ಬೆಚ್ಚನೆಯ ಕೋಣೆ ಬೇಕು, ಪಥ್ಯದ ಊಟ ಬೇಕು. ಇವು ಆರೈಕೆ. ಆರೈಕೆಗಾಗಿ ಪ್ರತ್ಯೇಕವಿರಿಸುವುದು ಬೇರೆ, ಅಶುದ್ಧಳೆಂದು ಪ್ರತ್ಯೇಕವಿರಿಸುವುದು ಬೇರೆ. ಕೋಣೆ ಒಂದೇ ಆದರೂ ಭಾವ ಬೇರೆ. ಶಿವನು ನೋಡುವುದು ಭಾವವನ್ನು.

ತಾಯ್ತನವು ಹೆರುವುದರಲ್ಲಿ ಮುಗಿಯುವುದಿಲ್ಲ, ಹೊತ್ತು ನಡೆಸುವುದರಲ್ಲಿ ಪೂರ್ಣವಾಗುತ್ತದೆ. ಇದಕ್ಕೆ ಅಕ್ಕನಾಗಮ್ಮನ ಜೀವನವೇ ಸಾಕ್ಷಿ. ಬಸವಣ್ಣನವರಿಗೆ ಅಕ್ಕನಾಗಿ ಹುಟ್ಟಿ ತಾಯಿಯಂತೆ ನಿಂತವಳು. ಷಟ್‌ಸ್ಥಲಚಕ್ರವರ್ತಿ ಚೆನ್ನಬಸವಣ್ಣನವರನ್ನು ಹೆತ್ತವಳು. ತಮ್ಮನ ಹೆಸರನ್ನೇ ತನ್ನ ವಚನಗಳ ಅಂಕಿತದಲ್ಲಿ ಸೇರಿಸಿಕೊಂಡವಳು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ವಿಪ್ಲವವೆದ್ದು ಶರಣರು ದಿಕ್ಕುದಿಕ್ಕಿಗೆ ಚದುರಿದಾಗ, ಮನೆಯನ್ನು ಬಿಟ್ಟು ಉಳವಿಯ ಕಾಡಿನ ಕಡೆಗೆ ಶರಣರೊಡನೆ ನಡೆದವಳು. ತರೀಕೆರೆಯ ಸಮೀಪದ ಎಣ್ಣೆಹೊಳೆಯ ಬಳಿ ಆಕೆ ಐಕ್ಯಳಾದಳೆಂದು ಪರಂಪರೆಯು ನೆನೆಯುತ್ತದೆ. ಆ ದಾರಿಯಲ್ಲಿ ಶರಣರು ಕಾಪಾಡಿದ ಸೊತ್ತು ಹೊನ್ನಲ್ಲ, ವಚನದ ಕಟ್ಟುಗಳು. ಒಡಲಿನಲ್ಲಿ ಮಗುವನ್ನು ಹೊತ್ತವಳು ಇಳಿವಯಸ್ಸಿನಲ್ಲಿ ಧರ್ಮವನ್ನೇ ಹೊತ್ತಳು. ಇಂದು ಭಕ್ತನ ಮನೆಯಲ್ಲಿ ವಚನಗಳು ಕೇಳಿಬರುತ್ತಿದ್ದರೆ, ಅವುಗಳನ್ನು ಉಳಿಸಿಕೊಟ್ಟವರಲ್ಲಿ ಒಬ್ಬ ತಾಯಿಯೂ ಇದ್ದಳೆಂಬುದನ್ನು ಮರೆಯಲಾಗದು.

ತಾಯ ನೆನಹು ಮಗನಲ್ಲಿ ಏನಾಗಿ ಫಲಿಸಬೇಕೆಂಬುದಕ್ಕೆ ತುಮಕೂರಿನ ನೆಲದಲ್ಲಿಯೇ ಇನ್ನೊಂದು ನಿದರ್ಶನವಿದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು 1907ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹೊನ್ನೇಗೌಡ, ಗಂಗಮ್ಮ ದಂಪತಿಗಳಿಗೆ ಹದಿಮೂರನೆಯ ಮಗುವಾಗಿ ಜನಿಸಿದರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು, ನಾಗವಲ್ಲಿಯಲ್ಲಿ ಅಕ್ಕನ ಆಶ್ರಯದಲ್ಲಿ ಓದಿದರು. 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ, 1941ರಿಂದ ಮಠದ ಹೊಣೆಯನ್ನು ಹೊತ್ತರು. ಎಳವೆಯಲ್ಲಿ ತಾಯ ತುತ್ತನ್ನು ಕಳೆದುಕೊಂಡ ಆ ಬಾಲಕನು ಮುಂದೆ ದಿನದಿನವೂ ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಡುವ ತಾಯಿಯಾದನು. ಕುಲವನ್ನು ಕೇಳದೆ ನೀಡಿದ ದಾಸೋಹ ಅದು. 2019ರ ಜನವರಿ 21ರಂದು, ನೂರಹನ್ನೊಂದರ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ನರಸಮ್ಮನವರು ತೀರಿಕೊಂಡು ಒಂದು ತಿಂಗಳು ತುಂಬಿರಲಿಲ್ಲ. ಒಂದೇ ಜಿಲ್ಲೆಯ ಈ ಇಬ್ಬರಲ್ಲಿ ಒಬ್ಬರು ಮಕ್ಕಳನ್ನು ಲೋಕಕ್ಕೆ ಬರಮಾಡಿಕೊಂಡರು, ಇನ್ನೊಬ್ಬರು ಬಂದ ಮಕ್ಕಳನ್ನು ಉಣ್ಣಿಸಿ ಬೆಳೆಸಿದರು. ಒಬ್ಬರು ಹನ್ನೆರಡು ಮಕ್ಕಳ ತಾಯಿ, ಇನ್ನೊಬ್ಬರು ಸಂಸಾರವನ್ನು ತೊರೆದ ಯತಿ. ಆದರೂ ಇಬ್ಬರ ಮನೆಗೂ ಬಾಗಿಲು ಹಾಕಿರಲಿಲ್ಲ. ತಾಯ್ತನವೆಂಬುದು ದೇಹದ ಗುಣವಲ್ಲ, ಜೀವದ ಗುಣ ಎಂಬುದಕ್ಕೆ ಇದಕ್ಕಿಂತ ಬೇರೆ ಭಾಷ್ಯ ಬೇಕೆ?

ಕಾಲ ಬದಲಾಗಿದೆ, ಈಗ ಸೂಲಗಿತ್ತಿಯ ಕಾಯಕವೆಲ್ಲಿ ಎಂದು ಕೇಳುವವರಿದ್ದಾರೆ. ಕಾಲ ಬದಲಾದುದು ಒಳ್ಳೆಯದೇ. ಮತ್ತಿಕೆರೆಯ ನೆರೆಯಲ್ಲಿ 1979ರಲ್ಲಿ ರಾಮಯ್ಯ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾಯಿತು. ಬಡ ಗರ್ಭಿಣಿಯರೂ ಆಸ್ಪತ್ರೆಯಲ್ಲಿಯೇ ಹೆರುವಂತಾಗಲೆಂದು ಕೇಂದ್ರ ಸರ್ಕಾರವು 2005ರಲ್ಲಿ ಜನನಿ ಸುರಕ್ಷಾ ಯೋಜನೆಯನ್ನು ತಂದಿತು. ನೆತ್ತರು ಹರಿದು ನಿಲ್ಲದಿದ್ದಾಗ, ಮಗು ಅಡ್ಡಬಂದಾಗ, ಎಷ್ಟು ಪಳಗಿದ ಕೈಯೂ ಮನೆಯಲ್ಲಿ ಮಾಡಲಾಗದುದನ್ನು ವೈದ್ಯಶಾಸ್ತ್ರವು ಮಾಡುತ್ತದೆ. ಹಿಂದಿನ ತಾಯಂದಿರು ಎಷ್ಟೋ ಮಂದಿ ಬಾಣಂತನದ ಕೋಣೆಯಿಂದ ಹೊರಬರಲೇ ಇಲ್ಲವೆಂಬುದನ್ನು ಬಲ್ಲವರು ಮರಳಿ ಆ ಕಾಲವನ್ನು ಬಯಸಲಾರರು. ಆದರೆ ಕಾಯಕವು ಅಳಿಯಲಿಲ್ಲ, ವೇಷವನ್ನು ಬದಲಿಸಿತು. ಇರುಳಿಡೀ ಎದ್ದಿರುವ ದಾದಿ, ಹೆರಿಗೆಯ ಕೋಣೆಯ ನೆಲವನ್ನು ತೊಳೆಯುವ ಆಯಾ, ಓಣಿಯ ಮನೆಮನೆಗೆ ನಡೆದು ಬಸುರಿಯರನ್ನು ವಿಚಾರಿಸುವ ಆಶಾ ಕಾರ್ಯಕರ್ತೆ: ಇವರೇ ಇಂದಿನ ಸೂಲಗಿತ್ತಿಯರು. ಮಗು ಹುಟ್ಟಿದ ಸಂತಸದಲ್ಲಿ ವೈದ್ಯರಿಗೆ ಸಿಹಿಯನ್ನಿತ್ತು, ನೆಲ ತೊಳೆದವಳನ್ನು ಕಣ್ಣೆತ್ತಿ ನೋಡದೆ ಮರಳುವ ಮನೆಯವರು ಹಳೆಯ ಸೂತಕವನ್ನೇ ಹೊಸ ಕಟ್ಟಡಕ್ಕೆ ಕೊಂಡೊಯ್ದವರು.

ಆದುದರಿಂದ ತಾಯಿಯ, ಅಜ್ಜಿಯ ಸಂಸ್ಮರಣೆಯ ದಿನವು ಬಂದಾಗ ಸದ್ಭಕ್ತರು ಹಾರವನ್ನು ಹಾಕಲಿ, ಜಂಗಮವನ್ನು ಪೂಜಿಸಲಿ. ಅದರೊಡನೆ ಆ ತಾಯಿಯ ಕೈ ಜೀವಮಾನದಲ್ಲಿ ಏನನ್ನು ಮಾಡುತ್ತಿತ್ತೆಂದು ಮಕ್ಕಳನ್ನು ಕೂಡಿಸಿಕೊಂಡು ಹೇಳಲಿ. ಆಕೆ ಹಸಿದವರಿಗೆ ಉಣ್ಣಿಸುತ್ತಿದ್ದಳೆ? ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ಕಾದು ಕುಳಿತ ಹಳ್ಳಿಯವರಿಗೆ ಒಂದು ಹೊತ್ತಿನ ಬುತ್ತಿ ಹೋಗಲಿ. ನೆರೆಯ ಬಾಣಂತಿಗೆ ಕಷಾಯ ಕಾಸಿ ಕೊಡುತ್ತಿದ್ದಳೆ? ಆಸರೆಯಿಲ್ಲದ ಒಬ್ಬ ಬಾಣಂತಿಯ ಮನೆಗೆ ಆಕೆಯ ಹೆಸರಿನಲ್ಲಿ ತುಪ್ಪ, ಬೆಲ್ಲ, ಬಟ್ಟೆ ಮುಟ್ಟಲಿ. ಮೊಮ್ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದಳೆ? ಮನೆಗೆಲಸಕ್ಕೆ ಬರುವವಳ ಮಗುವಿನ ಓದಿಗೆ ದಾರಿಯಾಗಲಿ. ಮರಿಗೆಮ್ಮನ ಮೊಮ್ಮಗಳು ಅಜ್ಜಿಯನ್ನು ನೆನೆದುದು ಹೀಗೆಯೇ. ಅಜ್ಜಿಯ ಕೈ ನಿಂತಲ್ಲಿಂದ ತನ್ನ ಕೈಯನ್ನು ಮುಂದೆ ಚಾಚಿದಳು. ಅದರಿಂದಲೇ ಪಾವಗಡದ ಸೀಮೆಯಾಚೆಗೆ ಯಾರೂ ಕೇಳದಿದ್ದ ಆ ಅಜ್ಜಿಯ ಹೆಸರು ಇಂದು ನಾಡಿಗೆ ತಿಳಿದಿದೆ.

ಇನ್ನೂ ಒಂದು ಮಾತು. ಲಿಂಗೈಕ್ಯಳಾದ ತಾಯಿಗೆ ಈಗ ಯಾವ ಕೊರತೆಯೂ ಇಲ್ಲ. ಆಕೆ ಬಯಲಿನಲ್ಲಿ ಬಯಲಾಗಿರುವಳು. ಕೊರತೆಯಿರುವುದು ಇನ್ನೂ ಬದುಕಿರುವ ತಾಯಿಗೆ. ಮಕ್ಕಳು ಬೇರೆ ಬೇರೆ ಊರು ಸೇರಿ, ಮತ್ತಿಕೆರೆಯ ಮನೆಯ ಮಹಡಿಯ ಮೇಲೆ ಒಂಟಿಯಾಗಿ ಕುಳಿತು ಬೀದಿಯನ್ನು ನೋಡುವ ಅಜ್ಜಿಯಂದಿರು ಇದ್ದಾರೆ. ನಾಳೆ ಚಿತ್ರಕ್ಕೆ ಹಾಕಲಿರುವ ಹೂವಿನಲ್ಲಿ ಒಂದು ಮೊಳವನ್ನು ಇಂದೇ ಆಕೆಯ ಕೈಗೆ ಕೊಡಬಾರದೆ? ನಾಳೆ ನೂರು ಜನಕ್ಕೆ ಬಡಿಸಲಿರುವ ಹೋಳಿಗೆಯಲ್ಲಿ ಒಂದನ್ನು ಇಂದೇ ಆಕೆಯ ಎಲೆಗೆ ಇಟ್ಟು, ಆಕೆ ಉಣ್ಣುವವರೆಗೆ ಎದುರಿಗೆ ಕುಳಿತು ಮಾತನಾಡಬಾರದೆ? ಇದ್ದಾಗ ಕೇಳದ ಮಾತನ್ನು ಹೋದ ಮೇಲೆ ಕೇಳಲಾಗದು. ಇರುವ ತಾಯಿಯನ್ನು ಜಂಗಮವೆಂದು ಕಂಡವನಿಗೆ ಹೋದ ತಾಯಿಯ ಋಣವು ಭಾರವಾಗದು.

ಹೆತ್ತ ಕೈ, ಹೆರಿಸಿದ ಕೈ, ಎತ್ತಿ ಆಡಿಸಿದ ಕೈ, ವಿಭೂತಿಯಿಟ್ಟ ಕೈ ಇವೆಲ್ಲವೂ ಶಿವನ ಕೈಗಳೇ ಎಂಬ ಅರಿವು ಭಕ್ತರ ಮನೆಗಳಲ್ಲಿ ನೆಲೆಗೊಳ್ಳಲಿ. ಎಲ್ಲ ತಾಯಂದಿರ ಚರಣಗಳಿಗೆ ಶರಣು ಶರಣಾರ್ಥಿ.